ಎಂಬತ್ತೆಂಟಕ್ಕೆ ಒಂದು ಕಡಿಮೆ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಮದುವೆಯಾದವಳು ‘ಹನಿಮೂನ್’ ಅನ್ನುವ ಮಾತನ್ನು ಬಾಯಿಬಿಟ್ಟು ಹೇಳಬೇಕಾದರೆ ಸ್ವಲ್ಪ ಗಟ್ಟಿ ಗುಂಡಿಗೆ ಬೇಕು. ಮಸುಮಿ ಆ ಧೈರ್ಯ ಮಾಡಿದ್ದು ಸೆಪ್ಟೆಂಬರಿನ ಮೊದಲ ಸೋಮವಾರ, ಸಂಜೆ ಊಟಕ್ಕೆ ಕೂತಾಗ. ಸೋಮವಾರ ಶಿಯೊಜಿರಿ ಊರಿನ ಕ್ಷೌರದಂಗಡಿಗಳಿಗೆಲ್ಲ ರಜೆ. ಕ್ಷೌರಿಕನಾದ ಗಂಡ ಶೂಜಿ ಮಧ್ಯಾಹ್ನವೆಲ್ಲ ಗೊರಕೆ ಹೊಡೆದು ಎದ್ದಿದ್ದ. ಯಾವ ಮಾತಿಗೂ ‘ಹೂಂ’ ಅನ್ನುವ ಹದದಲ್ಲಿದ್ದ. ಬೆಳ್ಳುಳ್ಳಿ, ಸೋಯಾ ಸಾಸಿನಲ್ಲಿ ನೆನೆಸಿ ಕರಿದ ಕೋಳಿತೊಡೆಯನ್ನು ಅವನ ತಟ್ಟೆಗೆ ಹಾಕುತ್ತ ಅವಳು ಕೇಳಿಯೇಬಿಟ್ಟಳು.

“ರೀ, ಎಲೆ ಕೆಂಪಾಗೋ ಹೊತ್ತಿಗೆ ಹೋಗೋಣ ಅಂದಿದ್ರಲ್ಲ, ಏನಾದ್ರೂ ಯೋಚನೆ ಮಾಡಿದ್ರಾ?”

“ಎಲ್ಲಿಗೆ ಹೋಗೋಣ ಅಂದಿದ್ದೆ?”

“ಹನಿಮೂನಿಗೆ.”

ಮೇಜಿನ ಆಚೆ ಬದಿಯಲ್ಲಿ ಹದಿನಾರರ ಕಾಹೊ ಸೂಪನ್ನು ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದಳು. ಕಾಹೊ ಶೂಜಿಯ ಮೊದಲ ಹೆಂಡತಿಯ ಮಗಳು. ಆ ಹೆಂಡತಿ ಯುಕಾರಿ ತೀರಿಕೊಂಡು ಆರು ವರ್ಷ. ಮೇ ತಿಂಗಳಲ್ಲಿ ಈ ಮನೆಗೆ ಕಾಲಿಟ್ಟಂದಿನಿಂದ, ಬೆಳಗಿನ ಮೊದಲ ಸೌಟು ಅನ್ನವನ್ನು ಯುಕಾರಿಯ ಫೋಟೊದ ಮುಂದೆ ಇಡುವ ಕೆಲಸ ಮಸುಮಿಯದು. ಅತ್ತೆ ಹೇಳಿದ್ದರು, ಇವಳು ಇಡುತ್ತಿದ್ದಳು. ಫೋಟೊದವಳ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆದರೆ ಒಂದು ವಾರ, ಬರೀ ಒಂದು ವಾರ, ಯಾರ ನಂತರ ಬಂದವಳೂ ಆಗದೆ ಇರಬೇಕು ಅಂತ ಆಸೆಯಿತ್ತು. ಹಾಸಿಗೆ ಹಿಡಿದ ಅಮ್ಮನ ಆರೈಕೆಯಲ್ಲಿ ಹನ್ನೆರಡು ವರ್ಷ, ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಹಾಕುವುದರಲ್ಲಿ ಇಪ್ಪತ್ತು ವರ್ಷ ಕಳೆದವಳು ಇಷ್ಟು ಕೇಳಿದರೆ ಅತಿಯಾಸೆ ಅಂತ ಯಾರೂ ಅನ್ನಲಾರರು.

“ನಲವತ್ತು ದಾಟಿದವರಿಗೆ ಹನಿಮೂನಾ!” ಅಂದರು ಅತ್ತೆ ಕಿಕುನೊ.

ಮಸುಮಿಯ ಮುಖ ಸಪ್ಪಗಾಯಿತು. ಆದರೆ ಎಪ್ಪತ್ತಾರರ ಕಿಕುನೊಗೆ ಗೊಣಗುವುದು ಉಸಿರಾಡಿದಷ್ಟೇ ಸಹಜ. ಅದರ ಹಿಂದೆ ಏನಿದೆ ಅಂತ ಕಾದು ನೋಡಬೇಕು. ಮುದುಕಿ ಎದ್ದು ಹೋಗಿ ಡ್ರಾಯರಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತಂದು ಉಪ್ಪಿನಕಾಯಿ ಬಟ್ಟಲಿನ ಪಕ್ಕ ಹರಡಿದರು. ಸ್ಟೇಷನ್ನಿನಲ್ಲಿ ಇಟ್ಟಿರುತ್ತಾರಲ್ಲ, ಅಂಥ ಬಣ್ಣದ ಚೀಟಿ.

“ಗಂಡ ಹೆಂಡ್ತಿ ಇಬ್ರ ವಯಸ್ಸು ಕೂಡಿದ್ರೆ ಎಂಬತ್ತೆಂಟು ಆಗ್ಬೇಕಂತೆ. ಅಷ್ಟಾದ್ರೆ ಏಳು ದಿನ ದೇಶದಲ್ಲಿ ಎಲ್ಲಿ ಬೇಕಾದ್ರೂ ರೈಲಿನ ಮೆತ್ತನೆ ಸೀಟಲ್ಲಿ ಕೂತು ತಿರುಗಬಹುದು. ಇದು ನನ್ನ ಉಡುಗೊರೆ. ಮದುವೇಲಿ ಏನೂ ಕೊಟ್ಟಿರಲಿಲ್ಲ.”

“ಅಜ್ಜಿ, ಅದು ಮುದುಕರ ಪಾಸು!” ಅಂದಳು ಕಾಹೊ.

“ಇವರೇನು ಎಳೇ ಮಕ್ಳಾ? ಇಬ್ರಿಗೂ ನಲವತ್ತೈದು. ತೊಂಬತ್ತಾಯ್ತು. ಎರಡು ಮಿಕ್ಕೇ ಇದೆ.”

“ನಲವತ್ತೈದಲ್ಲಮ್ಮ, ಈ ವರ್ಷ ನಲವತ್ತನಾಲ್ಕು,” ಅಂದ ಶೂಜಿ. “ಇಬ್ರಿಗೂ ಅಷ್ಟೆ. ಸರಿಯಾಗಿ ಎಂಬತ್ತೆಂಟು.”

“ಹೊಟ್ಟೇಲಿದ್ದ ಲೆಕ್ಕ ಬಿಟ್ಟುಬಿಡ್ತೀಯೇನೋ? ಹೊತ್ತವಳು ನಾನು ಕಣೋ.”

ಹುಟ್ಟಿದ ದಿನವೇ ಒಂದು, ಹೊಸ ವರ್ಷ ಬಂತೆಂದರೆ ಮತ್ತೊಂದು, ಹೀಗೆ ಎಣಿಸುವ ಹಳೆಯ ಕಾಲದವರು ಕಿಕುನೊ. ಅವರ ಲೆಕ್ಕ ತೊಂಬತ್ತು, ಮಗನ ಲೆಕ್ಕ ಎಂಬತ್ತೆಂಟು. ಯಾವುದಾದರೂ ಸರಿ, ಗಡಿ ದಾಟಿತ್ತು. ಮಸುಮಿ ಆ ರಾತ್ರಿ ಪಾತ್ರೆ ತೊಳೆಯುತ್ತ ಹಾಡು ಗುನುಗಿದಳು. ಉತ್ತರಕ್ಕೆ ಹೋಗಬೇಕು, ಹಿರೊಸಾಕಿ ನೋಡಬೇಕು, ಕಡಲ ಕೆಳಗಿನ ಸುರಂಗ ದಾಟಿ ಹಾಕೊದಾತೆಯಲ್ಲಿ ಬಿಸಿಬಿಸಿ ಏಡಿ ತಿನ್ನಬೇಕು. ಅಕ್ಟೋಬರ್ ಮೊದಲ ವಾರಕ್ಕೆ ಶಾಲೆಯ ಅಡುಗೆಮನೆಯಲ್ಲಿ ರಜೆಯನ್ನೂ ಬರೆಸಿಬಿಟ್ಟಳು.

ಎರಡು ವಾರ ಬಿಟ್ಟು ಅತ್ತೆ ಸೊಸೆ ಟಿಕೆಟ್ ಕಿಟಕಿಗೆ ಹೋದರು. ಗಂಡ ಹೆಂಡತಿಯ ವಯಸ್ಸಿಗೆ ಸಾಕ್ಷಿಯಾಗಿ ತಂದ ವಿಮೆ ಕಾರ್ಡುಗಳನ್ನು ಕಿಟಕಿಯ ಹುಡುಗ ತಿರುಗಿಸಿ ನೋಡಿದ, ಬೆರಳು ಮಡಿಸಿದ, ಮತ್ತೊಮ್ಮೆ ನೋಡಿದ.

“ಕ್ಷಮಿಸಿ ಅಜ್ಜಿ, ಎಂಬತ್ತೇಳಾಗುತ್ತೆ.”

“ಎಂಬತ್ತೇಳಾ? ಯಾವ ಶಾಲೇಲಪ್ಪ ನೀನು ಓದಿದ್ದು?”

“ನಿಮ್ಮ ಮಗನಿಗೆ ನಲವತ್ತನಾಲ್ಕು ತುಂಬೋದು ನವೆಂಬರ್ ಹತ್ತಕ್ಕೆ. ಹೊರಡೋ ದಿನಕ್ಕೆ ತುಂಬಿರಬೇಕು. ಒಂದು ವರ್ಷ ಕಡಿಮೆ ಬರ್ತಿದೆ.”

“ಒಂದು ವರ್ಷ ತಾನೇ! ನನ್ನದು ಎಪ್ಪತ್ತಾರಿದೆ, ಅದರಲ್ಲಿ ಒಂದು ತೊಗೊಂಡು ಹಾಕ್ಕೋ.”

ಸಾಲಿನಲ್ಲಿ ಹಿಂದೆ ನಿಂತವರು ನಕ್ಕರು. ಮಸುಮಿಗೆ ನೆಲ ಬಿರಿಯಬಾರದೇ ಅನ್ನಿಸಿತು. ನಾಚಿಕೆಗಿಂತ ನಿರಾಸೆ ದೊಡ್ಡದಾಗಿತ್ತು. ನವೆಂಬರಿನಲ್ಲಿ ಹಾಕೊದಾತೆಯ ಮರಗಳು ಬೋಳಾಗಿರುತ್ತವೆ, ಹಿಮ ಶುರುವಾಗಿರುತ್ತದೆ. ಬರುವಾಗ ದಾರಿಯುದ್ದಕ್ಕೂ ಕಿಕುನೊ, “ಆ ಹುಡುಗನಿಗೆ ನನ್ನ ಮಗನ ವಯಸ್ಸು ನನಗಿಂತ ಚೆನ್ನಾಗಿ ಗೊತ್ತಂತೆ,” ಅಂತ ಬಯ್ಯುತ್ತಲೇ ಇದ್ದರು.

ತಾರೀಖು ಮುಂದೆ ಹೋದ ಮೇಲೆ ತಕರಾರುಗಳು ಒಂದೊಂದಾಗಿ ತಲೆ ಎತ್ತಿದವು. ನವೆಂಬರ್ ಹದಿನೈದು ಮಕ್ಕಳ ಹಬ್ಬ. ಮೂರು, ಐದು, ಏಳು ವರ್ಷದ ಮಕ್ಕಳನ್ನು ಸಿಂಗರಿಸಿ ದೇವಸ್ಥಾನಕ್ಕೆ ಕರೆದೊಯ್ಯುವ ಮುಂಚೆ ಊರಿನ ಅಷ್ಟೂ ತಲೆಗಳು ಶೂಜಿಯ ಕುರ್ಚಿಗೆ ಬರುತ್ತವೆ. ಅದು ಮುಗಿಯದೆ ಅವನು ಹೊರಡುವ ಹಾಗಿಲ್ಲ. ಇಪ್ಪತ್ತೆರಡಕ್ಕೆ ನೊಜಾವಾನಾ ಸೊಪ್ಪು ಬರುತ್ತದೆ. ಅರವತ್ತು ಕಿಲೊ. ತೊಳೆದು ಉಪ್ಪು ಹಾಕಿ ಪೀಪಾಯಿಯಲ್ಲಿ ಒತ್ತಿಡದಿದ್ದರೆ ಆ ಮನೆಯಲ್ಲಿ ಚಳಿಗಾಲ ಬರುವುದೇ ಇಲ್ಲ.

“ಐದು ದಿನದ ಪಾಸು ಸಾಕು,” ಅಂದರು ಕಿಕುನೊ. “ಸೊಪ್ಪು ಬರೋ ಹೊತ್ತಿಗೆ ಮನೆ ಸೇರಿಬಿಡಿ.”

“ಏಳು ದಿನ ಅಂದಿದ್ರಿ ಅತ್ತೆ.”

“ಆವಾಗ ಅಕ್ಟೋಬರ್ ಅಂತಿತ್ತು. ಈಗ ಸೊಪ್ಪನ್ನ ಯಾರು ತೊಳೀತಾರೆ? ನನ್ನ ಸೊಂಟಾನಾ?”

“ಒಂದು ವರ್ಷ ಸೊಪ್ಪು ಹಾಕದಿದ್ರೆ ಏನಾಗುತ್ತೆ?”

ಮಸುಮಿ ಇಷ್ಟು ಎದುರಾಡಿದ್ದು ಅದೇ ಮೊದಲು. ಕಿಕುನೊ ಚಹಾದ ಲೋಟ ಕೆಳಗಿಟ್ಟು ಮಗನ ಕಡೆ ನೋಡಿದರು. ಮಗ ಟಿವಿಯಲ್ಲಿ ಸುಮೊ ನೋಡುತ್ತಿದ್ದವನು ಕುತ್ತಿಗೆಯನ್ನು ಇನ್ನೂ ಆ ಕಡೆ ಚಾಚಿದ.

“ನೋಡೋಣ,” ಅಂದ. ಗಿರಾಕಿಗಳ ತಲೆಯ ಮೇಲೆ ಕತ್ತರಿ ಆಡಿಸುವಾಗ ಎಲ್ಲ ಪಕ್ಷದವರಿಗೂ ಹೌದು ಹೌದು ಅಂದು ಅಭ್ಯಾಸವಾದ ಮನುಷ್ಯ.

ಶೂಜಿ ತಾನೇ ಒಂದು ಯೋಜನೆ ಹಾಕಿದ. ಕ್ಯೋತೊ, ಅಷ್ಟೆ. ಆರು ವಸತಿಗೃಹಗಳಿಗೆ ಫೋನು ಮಾಡಿದ. ಆರರಲ್ಲೂ ಕೋಣೆ ಇಲ್ಲ, ಒಂದು ಕಡೆಯಂತೂ ನಕ್ಕೇಬಿಟ್ಟರು. ಕಾಹೊಗೆ ಸಹಿಸಲಾಗಲಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಬೇಸಿಗೆ ರಜೆಗೆಲ್ಲ ಒಬ್ಬಳೇ ನಾಲ್ಕು ರೈಲು ಬದಲಿಸಿ ಅಮ್ಮನ ತವರಿಗೆ, ದೂರದ ಪಶ್ಚಿಮದ ತ್ಸುವಾನೊಗೆ ಹೋಗಿ ಬಂದವಳು ಅವಳು. ಇಟ್ಟಿಗೆಯಷ್ಟು ದಪ್ಪದ ವೇಳಾಪಟ್ಟಿ ಪುಸ್ತಕ ಅವಳಿಗೆ ಅಂಗೈ ಗೆರೆ. ಈ ಬೇಸಿಗೆಯಲ್ಲಿ ಮಾತ್ರ ಹೋಗಿರಲಿಲ್ಲ. ಅಲ್ಲಿಂದ ‘ಯಾವಾಗ ಬರ್ತೀಯಾ’ ಅನ್ನುವ ಫೋನು ಬಂದಿರಲಿಲ್ಲ.

“ನವೆಂಬರಲ್ಲಿ ಕ್ಯೋತೊಗೆ ಹೋದ್ರೆ ಎಲೆ ಅಲ್ಲಪ್ಪ, ಜನರ ತಲೆ ಕಾಣುತ್ತೆ. ದಿನಾ ಅದನ್ನೇ ತಾನೇ ನೀನು ನೋಡೋದು?” ಅಂದಳು. “ಮತ್ತೆ ಇದೇನು, ಇಲ್ಲಿ ನಾಲ್ಕು ನಿಮಿಷದಲ್ಲಿ ರೈಲು ಬದಲಾಯಿಸ್ತೀಯಾ? ನಿನ್ನ ಮೊಣಕಾಲು ಇಟ್ಕೊಂಡು? ಕೊಡಿಲ್ಲಿ, ನಾನು ಬರೀತೀನಿ.”

“ಥ್ಯಾಂಕ್ಸ್ ಕಾಹೊ,” ಅಂದಳು ಮಸುಮಿ.

“ನಿಮಗೋಸ್ಕರ ಅಲ್ಲ ಮಸುಮಿಯವರೇ. ತಪ್ಪು ವೇಳಾಪಟ್ಟಿ ನೋಡಿದ್ರೆ ನನಗೆ ತಲೆ ಚಿಟ್ ಹಿಡಿಯುತ್ತೆ.”

ಅಕ್ಟೋಬರ್ ಬಂತು. ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವುದರೊಳಗೆ ತ್ಸುವಾನೊದಿಂದ ಒಂದು ಪೆಟ್ಟಿಗೆ ಬರುತ್ತಿತ್ತು. ಒಳಗೆ ತೋಟದ ಚೆಸ್ಟ್‌ನಟ್ ಕಾಯಿ, ಮೇಲೆ ಹಳೆಯ ಪತ್ರಿಕೆಯ ಹಾಳೆ, ಅಜ್ಜನ ಕೈಬರಹದಲ್ಲಿ ‘ಕಾಹೊಗೆ’. ಈ ವರ್ಷ ಬರಲಿಲ್ಲ. ಕಾಹೊ ಶಾಲೆಯಿಂದ ಬಂದವಳೇ ಬಾಗಿಲ ಹತ್ತಿರ ಒಂದು ಕ್ಷಣ ಕಣ್ಣಾಡಿಸಿ ಒಳಗೆ ಹೋಗುವುದನ್ನು ಮಸುಮಿ ನೋಡುತ್ತಿದ್ದಳು. ಒಂದು ದಿನ ಸಮಾಧಾನಕ್ಕೆಂದು ಅಂಗಡಿಯಿಂದಲೇ ಚೆಸ್ಟ್‌ನಟ್ ತಂದು ಅನ್ನದಲ್ಲಿ ಹಾಕಿ ಬೇಯಿಸಿದಳು.

ಕಾಹೊ ಒಂದು ತುತ್ತು ಬಾಯಿಗಿಟ್ಟು ಊಟದ ಕಡ್ಡಿ ಕೆಳಗಿಟ್ಟಳು. “ಇದು ಎಲ್ಲೀದು?”

“ಅಂಗಡೀದು.”

“ಗೊತ್ತಾಯ್ತು.” ಅಷ್ಟು ಹೇಳಿ ಉಪ್ಪಿನಕಾಯಿ ಹಾಕಿಕೊಂಡು ಬಿಳಿ ಅನ್ನ ತಿಂದು ಎದ್ದುಹೋದಳು.

ಅದೇ ವಾರದ ಸೋಮವಾರ ಅವಳ ಯೋಜನೆ ಮೇಜಿಗೆ ಬಂತು. ದೊಡ್ಡ ಹಾಳೆ, ಗೆರೆ ಹೊಡೆದು, ನಿಮಿಷ ನಿಮಿಷವೂ ನಮೂದಿಸಿ. ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹೊರಡುವುದು. ಹಿಮೆಜಿಯಲ್ಲಿ ಒಂದು ರಾತ್ರಿ, ಒನೊಮಿಚಿಯಲ್ಲಿ ಎರಡು. ಇಪ್ಪತ್ತೆರಡಕ್ಕೆ ಪಶ್ಚಿಮದ ತುದಿಯವರೆಗೆ ಹೋಗಿ ಅಲ್ಲಿಂದ ಬೆಟ್ಟದ ರೈಲು ಹಿಡಿದು ಮಾತ್ಸುಯೆ. ಮಾತ್ಸುಯೆಯಲ್ಲಿ ಮೂರು ರಾತ್ರಿ, ಕೆರೆಯ ಎದುರಿಗೇ ಕೋಣೆ. ಇಪ್ಪತ್ತೈದಕ್ಕೆ ವಾಪಸ್. ಪ್ರತಿ ಬದಲಾವಣೆಗೆ ಹದಿನೈದು ನಿಮಿಷ ಬಿಟ್ಟಿದ್ದಳು, ಶೌಚಾಲಯ ಯಾವ ಡಬ್ಬಿಯಲ್ಲಿದೆ ಅಂತಲೂ ಬರೆದಿದ್ದಳು. ಕೆರೆಯ ಹೆಸರು ನೋಡಿ ಮಸುಮಿಯ ಮನಸ್ಸು ಹಗುರಾಯಿತು. ಹಾಕೊದಾತೆ ಹೋದರೆ ಹೋಗಲಿ, ಮೂರು ದಿನ ನೀರಿನ ಮೇಲೆ ಸೂರ್ಯ ಮುಳುಗುವುದನ್ನು ನೋಡಬಹುದು.

ಕಿಕುನೊ ಕನ್ನಡಕ ಮೂಗಿನ ಮೇಲೇರಿಸಿ ಓದಿದರು. “ಈ ಬೆಟ್ಟದ ರೈಲು ತ್ಸುವಾನೊ ಮೇಲೇ ಹೋಗುತ್ತಲ್ಲ?”

“ಹೋಗುತ್ತೆ,” ಅಂದಳು ಕಾಹೊ, ತಲೆ ಎತ್ತದೆ. “ಒಂದೇ ನಿಮಿಷ ನಿಲ್ಲುತ್ತೆ.”

“ಹಾಗಾದ್ರೆ ಇಳಿದು ಅವರ ಮನೆಗೆ ಹೋಗಿ ತಲೆಬಾಗಿ ಬಂದ್ಬಿಡಿ. ಕಾಹೊನ ಅಜ್ಜ ಅಜ್ಜಿ. ದಾರೀಲೇ ಸಿಕ್ಕಿದೆ, ಹಾಗೇ ದಾಟಿಹೋದ್ರೆ ಮರ್ಯಾದೆನಾ? ಆಮೇಲೆ ಅಲ್ಲಿಂದಲೇ ವಾಪಸ್ ತಿರುಗಿದ್ರೆ ಸೊಪ್ಪಿಗೂ ಆಯ್ತು.”

ಮಸುಮಿಗೆ ತಲೆ ಕಾದುಹೋಯಿತು. “ಅತ್ತೆ, ಇದು ನನ್ನ ಹನಿಮೂನು. ಹಾಕೊದಾತೆ ಬಿಟ್ಟೆ, ಅಕ್ಟೋಬರ್ ಬಿಟ್ಟೆ. ಈಗ ಮಾತ್ಸುಯೆನೂ ಬಿಟ್ಟು ಸವತಿ ತವರಿಗೆ ಹೋಗಿ ತಲೆಬಾಗಿ, ಮನೆಗೆ ಬಂದು ಸೊಪ್ಪು ತೊಳೀಬೇಕಾ? ಇದಕ್ಕೆ ಬೇರೆ ಹೆಸರಿಡಿ, ಹನಿಮೂನ್ ಅನ್ಬೇಡಿ!”

“ಯಾರೂ ಇಳೀಬೇಕಾಗಿಲ್ಲ!” ಕಾಹೊಳ ಧ್ವನಿ ಅತ್ತೆ ಸೊಸೆಯರಿಬ್ಬರ ಧ್ವನಿಯನ್ನೂ ಮೀರಿತು. “ಅದು ನನ್ನ ಅಮ್ಮನ ಊರು. ನೀವು ಅಲ್ಲಿ ಕಾಲಿಡೋದೇ ಬೇಡ. ನೀವು ಬಂದ ಮೇಲೆ ಅಲ್ಲಿಂದ ಒಂದು ಫೋನಿಲ್ಲ, ಒಂದು ಪೆಟ್ಟಿಗೆ ಇಲ್ಲ. ಸಾಲ್ದಾ?”

“ಕಾಹೊ!” ಅಂದ ಶೂಜಿ. ಮಗಳು ಆಗಲೇ ಮೆಟ್ಟಿಲು ಹತ್ತಿಹೋಗಿದ್ದಳು. “ನೋಡೋಣ,” ಅಂದ ಮತ್ತೆ, ಯಾರಿಗೂ ಅಲ್ಲದ ಹಾಗೆ.

“ನೋಡ್ತಾನೇ ಇರಿ ನೀವು,” ಅಂದು ಮಸುಮಿ ಎದ್ದು ಒಲೆಯ ಹತ್ತಿರ ಹೋದಳು. ಆ ವಾರವೆಲ್ಲ ಮನೆಯಲ್ಲಿ ಊಟ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಶೂಜಿ ಊಟಕ್ಕಿಂತ ಮೊದಲೇ ಸ್ನಾನಕ್ಕೆ ಹೋಗಿ, ಎಲ್ಲರೂ ಉಂಡ ಮೇಲೆ ಈಚೆ ಬರುವುದನ್ನು ಕಲಿತ.

ಮುಂದಿನ ಸೋಮವಾರ ಮಧ್ಯಾಹ್ನ ಶಾಲೆಯಿಂದ ಬೇಗ ಬಂದ ಮಸುಮಿ ಮೇಜಿನ ಮೇಲೆ ಕಾಹೊ ಬಿಟ್ಟುಹೋದ ವೇಳಾಪಟ್ಟಿ ಪುಸ್ತಕ ತೆರೆದಳು. ಗಂಡ ಕ್ಷೌರಿಕರ ಸಂಘದ ಸಭೆಗೆ, ಅತ್ತೆ ಮೂಳೆ ಡಾಕ್ಟರ ಹತ್ತಿರ ಹೋಗಿದ್ದರು. ಹಟಕ್ಕೆ ಬಿದ್ದವಳಂತೆ ಅವಳೇ ಹೊಸ ದಾರಿ ಹುಡುಕಲು ಕೂತಳು. ತ್ಸುವಾನೊ ಮುಟ್ಟದೆ ಮಾತ್ಸುಯೆಗೆ ಹೋಗಲು ಬರುವುದಿಲ್ಲವೇ? ಭೂಪಟದ ಪುಟದಲ್ಲಿ ಬೆರಳಿಟ್ಟು ನೋಡಿದರೆ, ಅಯ್ಯೋ, ಎಷ್ಟು ಸುಲಭ. ಒನೊಮಿಚಿಯಿಂದ ಸ್ವಲ್ಪ ಹಿಂದಕ್ಕೆ ಬಂದರೆ ನೇರ ಉತ್ತರಕ್ಕೆ ಒಂದು ರೈಲು, ಒಂದೇ ಬದಲಾವಣೆ. ಕಾಹೊ ಹಾಕಿದ ದಾರಿ ಅದಕ್ಕಿಂತ ಮೂರು ಗಂಟೆ ಸುತ್ತು.

ಅಪ್ಪನ ನಾಲ್ಕು ನಿಮಿಷಕ್ಕೆ ಕೂಗಾಡಿದ ಹುಡುಗಿ ಮೂರು ಗಂಟೆ ಸುತ್ತು ಹಾಕಿದ್ದು ಯಾಕೆ? ಮಸುಮಿ ಹಾಳೆಯನ್ನು ಮತ್ತೆ ಬಿಡಿಸಿದಳು. ತ್ಸುವಾನೊ ಅಂತ ಬರೆದ ಜಾಗದಲ್ಲಿ, ಅಳಿಸಿದರೂ ಪೂರ್ತಿ ಹೋಗದ ಪೆನ್ಸಿಲ್ ಅಕ್ಷರಗಳಿದ್ದವು: ‘ಅಪ್ಪನಿಗೆ ಎಡಗಡೆ ಕಿಟಕಿ. ಸೇತುವೆ ದಾಟಿದ ಮೇಲೆ ಕೆಂಪು ಹೆಂಚಿನ ಮನೆ. ಅಂಗಳದಲ್ಲಿ ಯಾರಾದ್ರೂ ಇದ್ದಾರಾ ನೋಡಬೇಕು.’

ಮಸುಮಿ ಬಹಳ ಹೊತ್ತು ಅಲ್ಲೇ ಕೂತಳು. ಅವಳೇನು ದೇವತೆಯಲ್ಲ, ನನ್ನ ಒಂದು ವಾರಕ್ಕೂ ಕೈ ಹಾಕಿದರಲ್ಲ ಎಂಬ ಸಂಕಟ ಹಾಗೇ ಇತ್ತು. ಆದರೆ ತಾಯಿಯಿಲ್ಲದ ಮನೆಯಲ್ಲಿ ಇರುವುದು ಹೇಗೆ ಅಂತ ಅವಳಿಗೂ ಗೊತ್ತಿತ್ತು. ನಲವತ್ತರಲ್ಲಿ ತಾಯಿ ಹೋದರೇ ಅಷ್ಟು ನೋಯುತ್ತದೆ, ಹತ್ತರಲ್ಲಿ ಹೋದರೆ ಹೇಗಿರಬೇಡ. ಎದ್ದು ಹೋಗಿ ಫೋನಿನ ಪಕ್ಕದ ಪುಸ್ತಕದಲ್ಲಿ ‘ಮೊರಿವಾಕಿ, ತ್ಸುವಾನೊ’ ಅಂತ ಅತ್ತೆ ಬರೆದಿಟ್ಟ ನಂಬರು ಒತ್ತಿದಳು.

“ಹಲೋ, ಮೊರಿವಾಕಿ ಮನೆ.” ಹೆಂಗಸಿನ ಧ್ವನಿ, ವಯಸ್ಸಾದದ್ದು.

“ನಾನು ಶಿಯೊಜಿರಿಯಿಂದ ಮಾತಾಡ್ತಿದೀನಿ. ಹಿರಾಬಯಾಶಿ ಮನೆ. ಮಸುಮಿ ಅಂತ.”

“ಕಾಹೊಗೆ ಏನಾಯ್ತು?”

“ಏನೂ ಆಗಿಲ್ಲ, ಚೆನ್ನಾಗಿದಾಳೆ. ತುಂಬಾ ಚೆನ್ನಾಗಿದಾಳೆ.”

ಆ ಕಡೆ ದೀರ್ಘವಾದ ಉಸಿರು ಕೇಳಿಸಿತು. ಆಮೇಲೆ ಇಬ್ಬರೂ ಒಟ್ಟಿಗೆ ಕ್ಷಮೆ ಕೇಳಿದರು, ಇಬ್ಬರೂ ಒಟ್ಟಿಗೆ ನಿಲ್ಲಿಸಿದರು. ಯುಕಾರಿಯ ತಾಯಿ ತಾಕೆಯೊ ಮತ್ತೆ ಶುರು ಮಾಡಿದರು.

“ಈ ಸಲ ಪೆಟ್ಟಿಗೆ ಕಳಿಸಲಿಲ್ಲ, ತಪ್ಪಾಯ್ತಮ್ಮ. ನಮ್ಮೆಜಮಾನ್ರು ಕಾಯಿ ಆರಿಸಿ ಇಟ್ಟಿದ್ರು. ಆದ್ರೆ ಬೇಸಿಗೇಲಿ ನಿಮ್ಮ ಮನೆಯಿಂದ ದ್ರಾಕ್ಷಿ ಬರಲಿಲ್ಲ ನೋಡಿ. ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪಿರಲಿಲ್ಲ. ಹೊಸ ಸೊಸೆ ಬಂದಿದಾಳೆ, ಇನ್ನು ಹಳೇ ನಂಟು ಬೇಡ ಅಂತ ಕಿಕುನೊಯವರು ಮೆತ್ತಗೆ ಹೇಳ್ತಿದಾರೆ ಅಂದ್ಕೊಂಡ್ವಿ. ನಾವು ಕಳಿಸಿದ್ರೆ ನಿಮಗೆ ಕಸಿವಿಸಿ ಆಗಬಾರ್ದಲ್ಲ.”

“ನನಗಾ?”

“ನಿಮಗೇ.”

ಮಸುಮಿ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. “ನವೆಂಬರ್ ಇಪ್ಪತ್ತೆರಡಕ್ಕೆ ನಾವು ಆ ಕಡೆ ಬರ್ತಿದೀವಿ. ಒಂದು ರಾತ್ರಿ ನಿಮ್ಮ ಮನೇಲಿ ಇರಬಹುದಾ?”

“ಏನು ಕೆಲಸದ ಮೇಲೆ?”

“ಹನಿಮೂನಿಗೆ.”

ತಾಕೆಯೊ ಆ ಮಾತನ್ನು ತಾವೇ ಒಮ್ಮೆ ಹೇಳಿ ನೋಡಿಕೊಂಡರು. ಆಮೇಲೆ, “ಹಾಸಿಗೆ ಬಿಸಿಲಿಗೆ ಹಾಕಿಡ್ತೀನಿ,” ಅಂದರು.

ಆ ಸಂಜೆ ಊಟದಲ್ಲಿ ಮಸುಮಿ ಸುತ್ತುಬಳಸದೆ ಕೇಳಿದಳು. “ಅತ್ತೆ, ತ್ಸುವಾನೊಗೆ ಈ ಸಲ ದ್ರಾಕ್ಷಿ ಯಾಕೆ ಕಳಿಸಲಿಲ್ಲ?”

ಕಿಕುನೊ ಕಡ್ಡಿಯಲ್ಲಿ ಹಿಡಿದ ಮೀನು ತಟ್ಟೆಗೆ ಬಿತ್ತು. “ಅದು… ಇನ್ನೊಬ್ಬಳನ್ನ ಮನೆ ತುಂಬಿಸಿಕೊಂಡ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ದ್ರಾಕ್ಷಿ ಕಳಿಸಿದ್ರೆ ಗಾಯಕ್ಕೆ ಉಪ್ಪು ಸವರಿದ ಹಾಗಾಗಲ್ವಾ? ಮಗಳನ್ನ ಕಳಕೊಂಡವರು. ಅವರ ಮನಸ್ಸು ನೋಯಬಾರ್ದು ಅಂತ ಸುಮ್ನಿದ್ದೆ.”

“ಅವರೂ ಹಾಗೇ ಸುಮ್ನಿದ್ರಂತೆ. ನನ್ನ ಮನಸ್ಸು ನೋಯಬಾರ್ದು ಅಂತ.”

ಶೂಜಿ ಕಡ್ಡಿ ಕೆಳಗಿಟ್ಟ. ಈ ಕಡೆಯವರು ಆ ಕಡೆಯವರಿಗೆ ನೋವಾಗಬಾರದೆಂದು, ಆ ಕಡೆಯವರು ಈ ಕಡೆಯವರಿಗೆ ನೋವಾಗಬಾರದೆಂದು, ಎಲ್ಲರೂ ಸೇರಿ ನಡುವೆ ಇದ್ದ ಹುಡುಗಿಯನ್ನು ಚೆನ್ನಾಗಿ ನೋಯಿಸಿದ್ದರು. ಕಾಹೊ ಯಾರ ಮುಖವನ್ನೂ ನೋಡದೆ ಎದ್ದುಹೋದಳು. ಅರ್ಧ ಗಂಟೆಯ ಮೇಲೆ ಕೆಂಪಾದ ಮೂಗು ಹೊತ್ತು ವೇಳಾಪಟ್ಟಿ ಸಮೇತ ಕೆಳಗೆ ಬಂದು, ಮಸುಮಿಯ ಎದುರಿಗೆ ಕೂತಳು.

“ಇಪ್ಪತ್ತೆರಡು ಶನಿವಾರ. ಸೋಮವಾರಾನೂ ಸರ್ಕಾರಿ ರಜ. ನಾನು ಬೆಳಿಗ್ಗೆ ಮೊದಲನೇ ರೈಲಿಗೆ ಹೊರಟ್ರೆ ನಿಮಗಿಂತ ನಲವತ್ತು ನಿಮಿಷ ಮುಂಚೆ ತ್ಸುವಾನೊ ಸೇರ್ತೀನಿ. ಭಾನುವಾರ ನಾನು ವಾಪಸ್. ನೀವು ಮಾತ್ಸುಯೆಗೆ. ಅಲ್ಲಿ ಒಂದು ರಾತ್ರಿ ಕಡಿಮೆಯಾಗುತ್ತೆ. ಎರಡೇ ಉಳಿಯುತ್ತೆ.” ಸ್ವಲ್ಪ ತಡೆದು ಕೇಳಿದಳು, “ಪರವಾಗಿಲ್ವಾ?”

“ಪರವಾಗಿಲ್ಲ. ಆ ಎರಡನ್ನ ಮಾತ್ರ ಯಾರೂ ಮುಟ್ಟಬಾರ್ದು.”

“ನಾನು ಮುಟ್ಟಲ್ಲ,” ಅಂದಳು ಕಾಹೊ.

ಮೊಮ್ಮಗಳ ಟಿಕೆಟ್ಟಿಗೆ ಕಿಕುನೊ ತಮ್ಮ ಪರ್ಸಿನಿಂದಲೇ ಕೊಟ್ಟರು. ಆದರೆ ಸೊಪ್ಪಿನ ವಿಷಯದಲ್ಲಿ ಮುದುಕಿ ಜಗ್ಗಲಿಲ್ಲ. ಏಳು ದಿನದ ಪಾಸು ಕೈಗೆ ಕೊಡುವಾಗಲೂ, “ಪಾಸು ಏಳು ದಿನದ್ದು ಅಂದ ಮಾತ್ರಕ್ಕೆ ಏಳೂ ದಿನ ತಿರುಗಬೇಕಂತ ಕಾನೂನೇನಿಲ್ಲ,” ಅಂದರು. ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಸ್ಟೇಷನ್ನಿಗೆ ಬಂದು ತ್ಸುವಾನೊಗೆಂದು ದ್ರಾಕ್ಷಿ ರಸದ ಆರು ಬಾಟಲಿ ಹೊರಿಸಿ, “ಭಾನುವಾರ ಕಾಹೊ ಜೊತೆಗೇ ಬಂದ್ಬಿಡು ಮಸುಮಿ,” ಅಂತ ಇನ್ನೊಮ್ಮೆ ಹೇಳಿದರು. ಶೂಜಿ ಏನಂದ ಅಂತ ಬೇರೆ ಹೇಳಬೇಕಾಗಿಲ್ಲ.

ಹಿಮೆಜಿಯಲ್ಲಿ ಮಳೆ, ಒನೊಮಿಚಿಯಲ್ಲಿ ಬಿಸಿಲು. ಮೆಟ್ಟಿಲುಗಳ ಆ ಊರಿನಲ್ಲಿ ಮೊಣಕಾಲು ನೋವಿಗೆ ಶೂಜಿ ನಾಲ್ಕು ಸಲ ಕೂತು ಎದ್ದ. ಐದನೆಯ ಸಲ ಮಸುಮಿ ಕೈ ಕೊಟ್ಟಳು, ಅವನು ಕೆಳಗಿಳಿಯುವವರೆಗೂ ಬಿಡಲಿಲ್ಲ. ಯಾರೂ ನೋಡದ ಊರಿನಲ್ಲಿ ಮನುಷ್ಯ ಬೇರೆಯೇ ಆಗಿದ್ದ. ತಾನಾಗಿ ಮಾತಾಡುತ್ತಿದ್ದ, ಅವಳ ತಟ್ಟೆಯ ಮೀನಿನ ಮುಳ್ಳು ತೆಗೆದುಕೊಡುತ್ತಿದ್ದ.

“ಭಾನುವಾರದ ವಿಷಯ ನಿಮ್ಮಮ್ಮನಿಗೆ ನೀವೇ ಹೇಳ್ಬೇಕು ರೀ,” ಅಂದಳು ಮಸುಮಿ ಅಲ್ಲಿನ ಎರಡನೆಯ ರಾತ್ರಿ.

“ಹೇಳ್ತೀನಿ,” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಹೇಗೆ ಹೇಳೋದು ಅಂತ ನೋಡೋಣ,” ಅಂದ.

ತ್ಸುವಾನೊದ ಪ್ಲಾಟ್‌ಫಾರ್ಮಿನಲ್ಲಿ ಅಜ್ಜ, ಅಜ್ಜಿ, ಮಧ್ಯೆ ಕಾಹೊ ನಿಂತಿದ್ದರು. ಇಬ್ಬರು ಮುದುಕರೂ ಸೊಂಟ ಬಾಗಿಸಿದರು, ಮಸುಮಿ ಅದಕ್ಕಿಂತ ಕೆಳಗೆ ಬಾಗಿದಳು. ಕೆಂಪು ಹೆಂಚಿನ ಮನೆ ತಲುಪಿ, ಬಾಟಲಿ ಕೊಟ್ಟು, ಶಾಲೆಯ ಸಮವಸ್ತ್ರದ ಯುಕಾರಿಯ ಫೋಟೊಗೆ ಊದುಬತ್ತಿ ಹಚ್ಚಿ ಕೈಮುಗಿಯುವವರೆಗೆ ಮಾತೆಲ್ಲ ಗಾಜಿನ ಪಾತ್ರೆ ಎತ್ತಿಡುವಷ್ಟು ಎಚ್ಚರಿಕೆಯಲ್ಲಿ ನಡೆಯಿತು. ‘ದಾರಿಯಲ್ಲಿ ತೊಂದರೆಯಾಗಲಿಲ್ಲ ತಾನೇ?’ ‘ಇಲ್ಲ, ನಿಮಗೇ ತೊಂದರೆ ಕೊಟ್ಟೆವು.’ ‘ಚಳಿ ಹೆಚ್ಚಲ್ಲವೇ?’ ‘ಇಲ್ಲ ಇಲ್ಲ, ಹಿತವಾಗಿದೆ.’ ಕಾಹೊ ಮಾತ್ರ ಕಾಲು ಚಾಚಿ ಕೂತು ಅಜ್ಜನಿಗೆ ತಾನು ಹಿಡಿದ ರೈಲುಗಳ ಕಥೆ ಹೇಳುತ್ತಿದ್ದಳು. ಅವಳು ಇಷ್ಟು ಮಾತಾಡಬಲ್ಲಳು ಅಂತ ಮಸುಮಿಗೆ ಆವತ್ತೇ ಗೊತ್ತಾದದ್ದು.

ಸಂಜೆ ಊಟಕ್ಕೆ ಚೆಸ್ಟ್‌ನಟ್ ಹಾಕಿದ ಅನ್ನ, ಗೆಡ್ಡೆಯ ಸಾರು, ಸುಟ್ಟ ಹೊಳೆಮೀನು. ಬೆಳಿಗ್ಗೆಯಿಂದ ಹಸಿದಿದ್ದರೂ ಮಸುಮಿ ಒಂದು ಬಟ್ಟಲು ತಿಂದು ಕಡ್ಡಿಗಳನ್ನು ಜೋಡಿಸಿಟ್ಟಳು.

“ಇನ್ನೊಂದು ಸ್ವಲ್ಪ?” ಅಂದರು ತಾಕೆಯೊ.

“ಬೇಡಿ, ಹೊಟ್ಟೆ ತುಂಬಿತು. ತುಂಬಾ ರುಚಿಯಾಗಿತ್ತು.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಾಕೆಯೊ ಎತ್ತಿದರು. ಕಿಕುನೊ ಫೋನಿನಲ್ಲಿ ಮಾತಾಡುವುದೆಂದರೆ ತಂತಿಯನ್ನು ನಂಬದೆ ನೇರವಾಗಿ ಊರಿಗೇ ಕೂಗಿದ ಹಾಗೆ; ಕೋಣೆಯಲ್ಲಿದ್ದವರಿಗೆಲ್ಲ ಒಂದೊಂದು ಮಾತೂ ಕೇಳಿಸಿತು. ಮೊದಲು ದ್ರಾಕ್ಷಿಯ ಕ್ಷಮೆ, ಆಮೇಲೆ ಚೆಸ್ಟ್‌ನಟ್ಟಿನ ಕ್ಷಮೆ, ಇಬ್ಬರಿಗೂ ಮೂಗೊರೆಸಿಕೊಳ್ಳಲು ಸ್ವಲ್ಪ ಬಿಡುವು. ಆಮೇಲೆ ವಿಷಯ ಬಂತು.

“ಸೊಪ್ಪು ಬಂದು ಬಿದ್ದಿದೆ ತಾಕೆಯೊಯವರೇ. ಅರವತ್ತು ಕಿಲೊ. ನಾಳೆ ಬೆಳಿಗ್ಗೆ ಕಾಹೊ ಜೊತೆ ಸೊಸೇನೂ ಹೊರಡಿಸಿಬಿಡಿ. ಶೂಜಿಗೆ ಬೇಕಿದ್ರೆ ಅವನೊಬ್ಬನೇ ಮಾತ್ಸುಯೆ ನೋಡ್ಕೊಂಡು ಬರಲಿ.”

ಶೂಜಿ ಸಾರಿನ ಬಟ್ಟಲಿಗೆ ಮುಖ ಬಗ್ಗಿಸಿದ. ಮಸುಮಿ ಚಾಪೆಯ ಅಂಚು ನೋಡುತ್ತ ಕೂತಳು. ಮುಗಿಯಿತು, ಅಂದುಕೊಂಡಳು. ಬೇರೆಯವರ ಮನೆಯಲ್ಲಿ ಕೂತು ಅತ್ತೆಗೆ ಎದುರಾಡುವುದು ಹೇಗೆ?

“ಕಳಿಸಲ್ಲ,” ಅಂದರು ತಾಕೆಯೊ.

“ಏನಂದ್ರಿ?”

“ಕಳಿಸಲ್ಲ ಅಂದೆ. ಹುಡುಗಿ ಹನಿಮೂನಿಗೆ ಬಂದಿದಾಳೆ. ಅದರಲ್ಲಿ ಒಂದು ದಿನ ನಮಗೆ ಕೊಟ್ಟಿದಾಳೆ. ಉಳಿದದ್ದು ಅವಳದ್ದು.”

ಕಾಹೊ ‘ಹುಡುಗಿಯಂತೆ!’ ಅಂತ ಪಿಸುಗುಟ್ಟಿದಳು. ಅಜ್ಜ ಅವಳ ತೊಡೆಗೆ ತಟ್ಟಿ ಸುಮ್ಮನಿರಿಸಿದರು.

“ಅಲ್ಲ ಕಣ್ರೀ, ಸೊಪ್ಪು ಕೊಳೆಯುತ್ತೆ!”

“ಕೊಳೆಯಲ್ಲ. ನೆರಳಲ್ಲಿ ಹರಡಿ, ಮೇಲೆ ಒದ್ದೆ ಗೋಣಿ ಹಾಕಿ. ಮಂಗಳವಾರದವರೆಗೆ ಏನೂ ಆಗಲ್ಲ. ಮಂಗಳವಾರ ಬರ್ತಾಳೆ, ಬುಧವಾರ ತೊಳೀತಾಳೆ. ನೋಡಿ ಕಿಕುನೊಯವರೇ, ಇವಳಿಗೆ ತಾಯಿ ಇದ್ದಿದ್ರೆ ಇವತ್ತು ನಿಮಗೆ ಏನು ಹೇಳ್ತಿದ್ರೋ ಅದನ್ನೇ ನಾನು ಹೇಳ್ತಿದೀನಿ. ಹೇಳೋರು ಯಾರೂ ಇಲ್ಲ ಅಂದ್ಕೋಬೇಡಿ.”

ಅಷ್ಟು ದೂರದಿಂದಲೂ ಕಿಕುನೊ ಮುಖ ಗಂಟಿಕ್ಕಿಕೊಂಡದ್ದು ಕೋಣೆಯಲ್ಲಿದ್ದವರಿಗೆ ಕಂಡಂತಾಯಿತು. ಆಮೇಲೆ, ಇಳಿದ ಧ್ವನಿಯಲ್ಲಿ, “ಮಾತ್ಸುಯೆಲಿ ಕೆರೆ ಗಾಳಿ ಜೋರಂತೆ. ಕುತ್ತಿಗೆಗೆ ಏನಾದ್ರೂ ಸುತ್ಕೊಳ್ಳಕ್ಕೆ ಹೇಳಿ ಅವಳಿಗೆ,” ಅಂದರು ಕಿಕುನೊ. ಫೋನು ಕೆಳಗಿಟ್ಟ ಸದ್ದಾಯಿತು.

ತಾಕೆಯೊ ಏನೂ ನಡೆದೇ ಇಲ್ಲವೆಂಬಂತೆ ಬಂದು ತಮ್ಮ ಜಾಗದಲ್ಲಿ ಕೂತರು. “ನಿಮ್ಮತ್ತೆಗೆ ಸೊಂಟ ನೋವು ಅಂತಾರಲ್ಲ, ಗಂಟಲಿಗೇನೂ ಆಗಿಲ್ಲ ಬಿಡು,” ಅಂದರು ಮಸುಮಿಗೆ. “ಏನು ನೋಡ್ತಿದೀಯಾ? ಸಾರು ಆರಿಹೋಗ್ತಿದೆ.”

ಹಾಸಿಗೆ ಹಿಡಿದ ಅಮ್ಮನ ಮಾತು ನಿಂತುಹೋದಂದಿನಿಂದ ತನ್ನ ಪರವಾಗಿ ಯಾರೂ ಜಗಳವಾಡಿರಲಿಲ್ಲ. ಮಸುಮಿಗೆ ಕಣ್ಣು ತುಂಬಿತು, ಅದನ್ನು ಮುಚ್ಚಿಕೊಳ್ಳಲೂ ಅವಳು ಹೋಗಲಿಲ್ಲ. ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತಾಕೆಯೊ ಮುಂದೆ ಹಿಡಿದಳು.

“ಇನ್ನೊಂದ್ ಬಟ್ಟಲು ಹಾಕಿ,” ಅಂದಳು. “ಹಸಿವಾಗ್ತಿದೆ.”